ಅಜ್ಜಿಯ ಬಾಯಲ್ಲಿ ಬಾರದ ಹೆಸರು

ಒಂದಾನೊಂದು ಕಾಲದಲ್ಲಿ, ಅಂದರೆ ತೀರಾ ಹಿಂದೇನಲ್ಲ, ಹೋದ ವರ್ಷ ಸುಗ್ಗಿ ಕಳೆದು ಕುರಿ ಮಂದೆಗಳು ಪಡುವಲ ಸೀಮೆಗೆ ಹೊರಟ ಕಾಲದಲ್ಲಿ, ಜವನಗೊಂಡನಹಳ್ಳಿ ಹತ್ತಿರದ ಹಟ್ಟಿಯೊಂದರಲ್ಲಿ ಒಬ್ಬಳು ಮಾಯಗಾತಿ ಇದ್ದಳು. ಎಂಥ ಬೀಗ ಜಡಿದ ಬಾಗಿಲಾದರೂ ಅದರ ಸಂದಿಯಲ್ಲಿ ಗಾಳಿಯ ಹಾಗೆ ತೂರುತ್ತಿದ್ದಳು. ಏಳು ಕೆರೆಯಾಚೆ ಬಚ್ಚಿಟ್ಟ ಗುಟ್ಟನ್ನು ಕೂತಲ್ಲಿಂದಲೇ ಎತ್ತಿ ತರುತ್ತಿದ್ದಳು. ಅವಳ ಹೆಸರು ಕೇಳಿದರೆ ಸಾಹುಕಾರರ ಗೋಪುರಗಳು ಗಡಗಡ ನಡುಗುತ್ತಿದ್ದವು.

ಹಾಗಂತ ಅವಳೇ ಅಂದುಕೊಂಡಿದ್ದಳು. ಹಟ್ಟಿಯವರು ಮಾತ್ರ ಅವಳನ್ನು ಕಂಡರೆ, "ಏ ಮೇಘಿ, ನಮ್ ಫೋನ್ಯಾಕೋ ಬಿಸಿ ಆಗ್ತೈತೆ, ಚೂರು ನೋಡವ್ವ" ಅನ್ನುತ್ತಿದ್ದರು.

ಮೇಘಶ್ರೀ ಡಿಗ್ರಿ ಮುಗಿಸಿ ಹಿರಿಯೂರಿನ ಕಂಪ್ಯೂಟರ್ ಸೆಂಟರೊಂದರಲ್ಲಿ ಟೈಪಿಂಗ್ ಹೇಳಿಕೊಡುತ್ತಿದ್ದಳು. ಬಸ್ಸಿನಲ್ಲಿ ಹೋಗುತ್ತ ಬರುತ್ತ ಫೋನಿನಲ್ಲಿ ಓದುತ್ತಿದ್ದುದು ಒಂದೇ ಬಗೆಯ ಕಥೆ. ಸೈಬರ್‌ಪಂಕ್ ಅನ್ನುತ್ತಾರೆ ಅದಕ್ಕೆ. ಮುಂದೆಂದೋ ಬರಲಿರುವ ಕಾಲ. ಬೆಳಕು ಹರಿಯದ ಮಹಾನಗರ. ಬಣ್ಣದ ದೀಪದ ಬೋರ್ಡುಗಳ ಮೇಲೆ ಬಿಡದೆ ಸುರಿಯುವ ಮಳೆ. ಮುಗಿಲು ಮುಟ್ಟಿದ ಕಂಪನಿಗಳು. ಅಲ್ಲಿ ಕತ್ತಿನ ಹಿಂದೆ ತಂತಿ ಸಿಕ್ಕಿಸಿಕೊಂಡು ಕೂತ ಒಬ್ಬಂಟಿ ಹ್ಯಾಕರ್, ಮೈಯನ್ನು ಕುರ್ಚಿಯಲ್ಲಿ ಬಿಟ್ಟು ಜೀವವನ್ನು ಮಾತ್ರ ತಂತಿಯೊಳಗೆ ಕಳಿಸಿ, ಕಂಪನಿಗಳ ಗುಟ್ಟು ಕದ್ದು ಬರುತ್ತಿದ್ದ. ಮೇಘಶ್ರೀಗೆ ಇದು ಹೊಸದೆನಿಸುತ್ತಲೇ ಇರಲಿಲ್ಲ. ಅವಳಜ್ಜಿ ನಾಗಕ್ಕ ತೊಡೆಯ ಮೇಲೆ ಮಲಗಿಸಿಕೊಂಡು ಹೇಳುತ್ತಿದ್ದ ಕಥೆಗಳಲ್ಲಿ ರಾಜಕುಮಾರ ನೊಣವಾಗಿ ಅರಮನೆ ಹೊಗುತ್ತಿದ್ದ, ಮಾಟಗಾತಿ ತನ್ನ ದೇಹವನ್ನು ಕೋಣೆಯಲ್ಲಿಟ್ಟು ಗಿಣಿಯ ಮೈಯೊಳಗೆ ಹಾರಿಹೋಗುತ್ತಿದ್ದಳು. ತಂತಿಯೊಂದು ಸೇರಿದೆ, ಅಷ್ಟೇ ತಾನೆ? ಜಾಲದಲ್ಲಿ ಅವಳು ತನಗೆ 'ಮಿಂಚುಳ್ಳಿ' ಎಂದು ಹೆಸರಿಟ್ಟುಕೊಂಡಳು.

ಇನ್ನು ನಾಗಕ್ಕನ ವಿಷಯ. ಅವಳ ಗಂಡ, ಅಂದರೆ ಮೇಘಶ್ರೀಯ ತಾತ, ಸುಗ್ಗಿ ಮುಗಿದೊಡನೆ ಕುರಿ ಹೊಡೆದುಕೊಂಡು ಹೊಳಲ್ಕೆರೆ ಕಡೆ ಹೋಗಿಬಿಡುತ್ತಿದ್ದ. ಅಲ್ಲಿಯ ಹೊಲಗಳಲ್ಲಿ ಮಂದೆ ತರುಬಿ, ಹೊಲದವರಿಗೆ ಗೊಬ್ಬರ ಕೊಟ್ಟು, ಮೊದಲ ಮಳೆಗೆ ತಿರುಗಿ ಬರುತ್ತಿದ್ದ. ಅವನ ಹತ್ತಿರ ಇದ್ದುದು ಮಾತಾಡುವುದಕ್ಕಷ್ಟೇ ಬರುವ ಪುಟ್ಟ ಫೋನು. ಅದರಲ್ಲಿ "ಉಂಡ್ಯಾ", "ಹ್ಞೂಂ" ಬಿಟ್ಟರೆ ಗಂಡಹೆಂಡಿರಿಗೆ ಮಾತು ಹೊರಡುತ್ತಿರಲಿಲ್ಲ. ಅದಕ್ಕೇ ಮೇಘಶ್ರೀ ಅಜ್ಜಿಗೆ ದೊಡ್ಡ ಫೋನಿನಲ್ಲಿ ದನಿ ತುಂಬಿಡುವುದನ್ನು ಕಲಿಸಿದ್ದಳು. ಸಂಜೆ ಒಲೆ ಹಚ್ಚುವ ಮೊದಲು ಅಜ್ಜಿ ಹಿತ್ತಲ ಕಲ್ಲಿನ ಮೇಲೆ ಕೂತು, ಅವತ್ತಿನದನ್ನೆಲ್ಲ ಗಂಡನಿಗೆ ಹೇಳಿ ಇಡುತ್ತಿದ್ದಳು. ಮಳೆಗೆ ತಾತ ಬಂದಾಗ ಗೋಡೆಗೊರಗಿ ಕೂತು, ಫೋನು ಕಿವಿಗೆ ಹಚ್ಚಿಕೊಂಡು, ಬೇಸಗೆಯ ಅಷ್ಟೂ ಮಾತನ್ನು ಒಂದೊಂದಾಗಿ ಕೇಳುತ್ತಿದ್ದ. ಆಗ ಅಜ್ಜಿ ಆ ಕಡೆ ಸುಳಿಯುತ್ತಲೂ ಇರಲಿಲ್ಲ.

ಫೋನು ಹಾಳಾದರೂ ದನಿ ಉಳಿಯಲೆಂದು ಮೇಘಶ್ರೀ ಅದನ್ನೆಲ್ಲ ಇಂಟರ್‌ನೆಟ್ಟಿನಲ್ಲಿ ಕೂಡಿಡುವ ಏರ್ಪಾಡು ಮಾಡಿದಳು.

"ಅಲ್ಲಿಗೆ ಯಾರು ಬೇಕಾದ್ರೂ ಹೋಗ್ಬೋದೇನೇ?" ಅಜ್ಜಿಗೆ ಗಾಬರಿ.

"ಬೀಗ ಹಾಕ್ತೀವಲ್ಲಜ್ಜಿ. ಪಾಸ್‌ವರ್ಡ್ ಅಂತ. ಒಂದು ಮಾತು ಇಟ್ಕೋ. ಆ ಮಾತು ನಿನ್ ಬಾಯಿಂದ ಯಾವತ್ತೂ ಆಚೆ ಬರಬಾರ್ದು."

"ಯಾವತ್ತೂ?"

"ಯಾವತ್ತೂ."

ಅಜ್ಜಿಯ ಮುಖದಲ್ಲಿ ಎಳೆ ಹುಡುಗಿಯ ನಗುವೊಂದು ಬಂತು. "ಹಂಗಾದ್ರೆ ನನ್ನತ್ರ ಒಂದೈತೆ ಬಿಡು. ಎಷ್ಟೋ ವರ್ಷದಿಂದ ಕಾಪಾಡ್ಕಂಡು ಬಂದಿರೋದು. ನೀನು ಆ ಕಡೆ ತಿರುಗು."

ಮೇಘಶ್ರೀ ತಿರುಗಿ ಕೂತಳು. ಅಜ್ಜಿ ಒಂದೇ ಬೆರಳಲ್ಲಿ ಕನ್ನಡದ ಅಕ್ಷರಗಳನ್ನು ಹುಡುಕಿ ಹುಡುಕಿ ಒತ್ತುವುದು ಬೆನ್ನ ಹಿಂದೆ ಕೇಳಿಸುತ್ತಿತ್ತು. ನೋಡುವ ಅಗತ್ಯವೇ ಇರಲಿಲ್ಲ. ಗಂಡನ ಹೆಸರು ಹೆಂಡತಿಯ ಬಾಯಲ್ಲಿ ಬಂದರೆ ಅವನ ಆಯಸ್ಸು ಸವೆಯುತ್ತದೆ ಎಂದು ನಂಬಿದವಳು ಅಜ್ಜಿ. ಮದುವೆಯಾದಂದಿನಿಂದ ಅವಳಿಗೆ ಗಂಡ ಎಂದರೆ 'ಅವ್ರು', 'ನಮ್ಮನೇರು', ಮೊಮ್ಮಗಳು ಹುಟ್ಟಿದ ಮೇಲೆ 'ನಿಮ್ ತಾತ'. ಅವಳ ಬಾಯಿಂದ ಯಾವತ್ತೂ ಆಚೆ ಬಾರದ ಮಾತು ಲೋಕದಲ್ಲಿ ಒಂದೇ ಒಂದಿತ್ತು. ಜುಂಜಪ್ಪ.

ಜಾಲದಲ್ಲಿ ಮೇಘಶ್ರೀ ಸೇರಬೇಕೆಂದು ಹಂಬಲಿಸುತ್ತಿದ್ದ ಒಂದು ಗುಂಪಿತ್ತು. 'ಕಪ್ಪು ಕೋಟೆ' ಎಂದು ಅದರ ಹೆಸರು. ಅಲ್ಲಿಯವರ ಮಾತೆಲ್ಲ ಅವಳು ಓದುವ ಕಥೆಗಳಿಂದ ಎದ್ದು ಬಂದ ಹಾಗಿರುತ್ತಿತ್ತು. 'ಶೂನ್ಯ' ಎಂಬ ಹೆಸರಿನವನು ಅದರ ಒಡೆಯ. 'ಬಾಗಿಲೊಂದನ್ನು ತೆರೆದು ತೋರಿಸು, ಒಳಗೆ ಬಾ' ಎಂದು ಅವನು ಬರೆದಿದ್ದ. ಮೇಘಶ್ರೀ ಹಲವು ದಿನ ಒದ್ದಾಡಿದಳು. ಅವಳಿಗೆ ಯಾವ ಕಂಪನಿಯ ಗೋಪುರವೂ ತೆರೆಯಲಿಲ್ಲ. ಸೆಂಟರಿನ ವೈಫೈ ಕೂಡ ತೆರೆಯಲಿಲ್ಲ. ಒಂದು ಮಧ್ಯಾಹ್ನ ಹುಡುಗರೆಲ್ಲ ಊಟಕ್ಕೆ ಹೋದಾಗ, ಎದುರಿನ ಕಂಪ್ಯೂಟರಿನಲ್ಲಿ ಅವಳ ಬೆರಳು ತಾನೇ ತಾನಾಗಿ ಜು ಒತ್ತಿತು, ಆಮೇಲೆ ಉಳಿದದ್ದನ್ನು. ಅಜ್ಜಿಯ ದನಿಗಳ ಬಾಗಿಲು ತೆರೆಯಿತು. ಆ ಗಳಿಗೆಯಲ್ಲಿ ಅವಳಿಗೆ ಆದದ್ದು ನಾಚಿಕೆಯಲ್ಲ. ಖುಷಿ. ಕತ್ತಿನ ಹಿಂದೆ ತಂತಿ ಸಿಕ್ಕಿದ ಹಾಗೆಯೇ ಆಯಿತು. ಕೈಗೆ ಬಂದ ಒಂದು ದನಿಯನ್ನು ಎತ್ತಿ 'ಕಪ್ಪು ಕೋಟೆ'ಗೆ ಹಾಕಿದಳು. ಯಾವ ಊರು, ಯಾರ ದನಿ ಎಂದು ಅಲ್ಲಿ ಯಾರಿಗೆ ಗೊತ್ತಾಗಬೇಕು? 'ಭೇಷ್, ಮಿಂಚುಳ್ಳಿ' ಎಂದು ಶೂನ್ಯ ಬರೆದ. ಅವತ್ತು ಅವಳು ಮನೆಗೆ ಹೋಗುವಾಗ ಅಜ್ಜಿಗೆ ಜಿಲೇಬಿ ತೆಗೆದುಕೊಂಡು ಹೋದಳು.

ವಾರ ಕಳೆಯಿತೋ ಇಲ್ಲವೋ. ಹಿರಿಯೂರಿನ ಬಸ್ಸಿನಲ್ಲಿ ಹಿಂದಿನ ಸೀಟಿನ ಹುಡುಗರ ಫೋನಿನಿಂದ ಡಬ್ಬಡಬ್ಬ ತಾಳ ಕೇಳಿತು. ತಾಳದ ಮೇಲೆ ಅಜ್ಜಿಯ ದನಿ.

"ಕೇಳಿಸ್ತೇನ್ರಿ? ಇವತ್ತೂ ಮರ್ತು ನಿಮ್ ಮುದ್ದೇನೂ ಸೇರ್ಸಿ ಕಟ್ಬಿಟ್ಟೆ. ನಿಮ್ ಹಳೇ ಕಂಬ್ಳಿ ಒಗೀಬೇಡ ಅಂದಿದ್ದೆ ಮೇಘಿಗೆ. ಅದ್ರಾಗೆ ನಿಮ್ ವಾಸ್ನೆ ಐತೆ. ಕುರಿ ವಾಸ್ನೇನೇ ಅನ್ನಿ... ಮುಖದ ಮೇಲೆ ಎಳ್ಕಂಡು ಮಲಗ್ತೀನಿ. ಕೇಳಿಸ್ತೇನ್ರಿ?"

"ಕೇಳುಸ್ತು ಕಣೇ, ಬಂದೆ ತಡಿ!" ಎಂದು ಒಬ್ಬ ಕೂಗಿದ.

"ಲೇ, ಮೊದ್ಲು ಸ್ನಾನ ಮಾಡ್ಕಂಡು ಹೋಗ್ಲೇ!" ಇನ್ನೊಬ್ಬ.

ಬಸ್ಸೆಲ್ಲ ನಕ್ಕಿತು. ಟಿಕೆಟ್ ಹರಿಯುತ್ತಿದ್ದ ಕಂಡಕ್ಟರೂ ನಕ್ಕ. ಪಕ್ಕದ ಹೆಂಗಸು ನಗುತ್ತಲೇ ಮೇಘಶ್ರೀಯ ಮುಖ ನೋಡಿದಳು, ಇವಳೂ ನಗುತ್ತಾಳೆಂದು. ಮೇಘಶ್ರೀ ನಕ್ಕಳು. ನಕ್ಕುಬಿಟ್ಟಳು. ಆ ನಗು ಮುಖದ ಮೇಲೆ ಒಣಗಿದ ಗಂಜಿಯ ಹಾಗೆ ಅಂಟಿಕೊಂಡು, ಊರು ಬರುವ ತನಕ ಬಿಗಿಯುತ್ತಿತ್ತು.

ನಾಗಕ್ಕನ ದನಿಯನ್ನು ಯಾರೂ ಗುರುತು ಹಿಡಿಯುವುದಿಲ್ಲ ಅಂದುಕೊಂಡದ್ದು ಎಂಥ ಪೆದ್ದುತನ! ಸುತ್ತಲಿನ ಹಟ್ಟಿಗಳಲ್ಲಿ ಯಾವ ಮದುವೆಯಾದರೂ ಸೋಬಾನೆ ಹೇಳುವುದಕ್ಕೆ ಅವಳನ್ನೇ ಕರೆಯುತ್ತಿದ್ದರು. ನಲ್ಲಿಯ ಹತ್ತಿರ ಒಬ್ಬಳು, "ನಾಗಕ್ಕಾ, ಕಂಬ್ಳಿ ವಾಸ್ನೆ ಇನ್ನೂ ಐತೋ, ಹೋಯ್ತೋ?" ಅಂದಳಂತೆ. ಅಜ್ಜಿಗೆ ತಿಳಿಯಲಿಲ್ಲ. ಪಕ್ಕದ ಮನೆಯ ದುರುಗಣ್ಣನ ಸೊಸೆ ಕನಿಕರಪಟ್ಟು ಫೋನು ತೆಗೆದು ಕೇಳಿಸಿದಳಂತೆ. ಅಜ್ಜಿ ಕೊಡವನ್ನು ಅಲ್ಲೇ ಬಿಟ್ಟು ಮನೆಗೆ ಬಂದವಳು, ಮತ್ತೆ ಹೊಸಿಲು ದಾಟಲಿಲ್ಲ. ಯಾರೋ ಮದುವೆಗೆ ಕರೆಯಲು ಬಂದರೆ ಗಂಟಲು ಕಟ್ಟಿದೆ ಎಂದು ಮಗಳ ಕೈಲಿ, ಅಂದರೆ ಮೇಘಶ್ರೀಯ ತಾಯಿ ಮೀನಾಕ್ಷಿಯ ಕೈಲಿ, ಹೇಳಿಸಿದಳು.

ಮೇಘಶ್ರೀಗೆ ಅಜ್ಜಿಯ ಎದುರು ಕೂತು ಉಣ್ಣಲು ಆಗುತ್ತಿರಲಿಲ್ಲ. ತಟ್ಟೆ ಹಿಡಿದು ಹಿತ್ತಲಿಗೆ ಹೋಗುತ್ತಿದ್ದಳು. ಒಂದು ಬೆಳಗ್ಗೆ ಅಜ್ಜಿಯೇ ಅವಳ ಹಿಂದೆ ಬಂದಳು.

"ನನ್ ಮಾನ ಹೋಗಿದ್ದು ಹೋಯ್ತು ಬಿಡು ಮೇಘಿ. ಮುದುಕಿ ಮಾನ, ನಾಲ್ಕು ದಿನ ನಗ್ತಾರೆ, ಮರೀತಾರೆ. ನಂಗೆ ಅದಲ್ಲ. ಬೀಗದ ಮಾತು ಆ ಕಳ್ಳಂಗೆ ಹೆಂಗೆ ಗೊತ್ತಾಯ್ತು?"

ಮೇಘಶ್ರೀ ಮುದ್ದೆ ಮುರಿಯುತ್ತಿದ್ದ ಕೈ ನಿಲ್ಲಿಸಿದಳು.

"ಎಚ್ಚರದಾಗೆ ನಾನು ಅಂದಿಲ್ಲ, ದೇವ್ರಾಣೆ. ನಿದ್ದೇಲಿ ಅಂದಿರ್ತೀನಿ. ಕಿಟಕಿ ತೆಗ್ದು ಮಲಗ್ತೀನಲ್ಲ, ಯಾವನೋ ಕೇಳಿಸ್ಕಂಡವ್ನೆ." ಅಜ್ಜಿಯ ದನಿ ಇಳಿಯಿತು. "ಅವ್ರ ಫೋನು ಹತ್ತುತಾ ಇಲ್ಲ ಕಣೇ. ಆ ಹಾಳಾದ್ದು ಊರೂರಿಗೆ ಹೋದಾಗಿಂದ ಹತ್ತಿಲ್ಲ. ಮಂದೆ ಜೊತೆಗಿರೋ ಶಿವು ಏನೋ ಚೆನ್ನಾಗವ್ರೆ ಅಂತಾನೆ. ಏನೋ ಮುಚ್ಚಿಡ್ತಾವ್ನೆ. ನನ್ ಬಾಯಿಂದ್ಲೇ ಅವ್ರಿಗೆ ಕೇಡು ತಂದ್ನೇನೇ?"

"ಹಂಗೇನಿಲ್ಲಜ್ಜಿ."

"ನಿಂಗೇನು ಗೊತ್ತು? ನೀನು ಕಂಪ್ಯೂಟ್ರು ಕಲ್ತೋಳು, ಒಂದು ಕೆಲಸ ಮಾಡು. ಆ ಕಳ್ಳನ್ನ ಹುಡುಕ್ಕಂಡು ಬಾ. ಹೊಡೆಯಲ್ಲ, ಬಯ್ಯಲ್ಲ. ಮಾತು ಹೆಂಗೆ ಸಿಕ್ತು ಅಂತ ನಿಮ್ ತಾತನ ಎದುರಿಗೆ ನಿಂತ್ಕಂಡು ಹೇಳ್ಲಿ. ಅಷ್ಟೇ. ಕರ್ಕಂಡು ಬರ್ತೀಯಾ?"

"ಬರ್ತೀನಿ."

"ನನ್ ಮುಖ ನೋಡ್ಕಂಡು ಹೇಳೇ."

ಮೇಘಶ್ರೀ ತಲೆಯೆತ್ತಿ ಹೇಳಿದಳು. ಹೇಗೆ ಎತ್ತಿದಳೋ ಅವಳಿಗೇ ತಿಳಿಯದು.

ಶೂನ್ಯನಿಗೆ ಸಂದೇಶ ಹಾಕಿದಳು: ಅದು ನಮ್ಮಜ್ಜಿಯ ದನಿ, ತೆಗೆಸು. ಬಹಳ ಹೊತ್ತಿನ ಮೇಲೆ ಉತ್ತರ ಬಂತು. ಫೋನಲ್ಲಿ ಬೇಡ, ಹೊಸದುರ್ಗಕ್ಕೆ ಬಾ ಎಂದು ಅಂಗಡಿಯ ಗುರುತು ಕೊಟ್ಟಿದ್ದ. ಆ ಮಹಾನಗರ ಹೊಸದುರ್ಗದಲ್ಲಿತ್ತು! ಬಸ್ ಸ್ಟ್ಯಾಂಡಿನ ಹಿಂದೆ, ಹೂವಿನ ಅಂಗಡಿಯ ಪಕ್ಕ, ಮೊಬೈಲ್ ರಿಪೇರಿಯ ಗೂಡಂಗಡಿ. ಒಳಗೆ ಹಲಗೆಯಂಚಿಗೆ ಅಂಟಿಸಿದ ನೀಲಿ ದೀಪದ ಪಟ್ಟಿ ಹಗಲಲ್ಲೇ ಉರಿಯುತ್ತಿತ್ತು. ಅದರ ಬೆಳಕಿನಲ್ಲಿ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು, ಕಾಗದದ ಪೊಟ್ಟಣದಿಂದ ಮಂಡಕ್ಕಿ ತಿನ್ನುತ್ತ ಕೂತಿದ್ದವನ ಹೆಸರು ಪ್ರಭು. ಮೇಘಶ್ರೀಯ ವಯಸ್ಸಿನವನೇ.

"ಮಿಂಚುಳ್ಳಿ ಅಂದ್ರೆ ನೀವೇನಾ? ಬರ್ರಿ, ಕುಂತ್ಕಳ್ರಿ," ಎಂದು ಸ್ಟೂಲು ಒರೆಸಿದ. ಅಷ್ಟರಲ್ಲಿ ಹಿಂದಿನ ಮನೆಯಿಂದ ಹೆಂಗಸಿನ ದನಿ, "ಪ್ರಭೂ, ಗ್ಯಾಸಿನೋನು ಬಂದವ್ನೆ, ಸಿಲಿಂಡರ್ ಎತ್ತಿಡಾಕೆ ಆಗಲ್ವೇನಲಾ ನಿಂಗೆ?" ಎಂದು ಕೂಗಿತು. ಕಪ್ಪು ಕೋಟೆಯ ಒಡೆಯ ಎದ್ದು ಹೋಗಿ ಸಿಲಿಂಡರ್ ಹೊತ್ತು ಬಂದ.

"ತೆಗ್ಸಾಕೆ ಆಗಲ್ಲ ಕಣ್ರಿ," ಅಂದ ಬಂದು. "ತಮಾಷೆಗೆ ಅಂತ ಬೀಟ್ ಹಾಕ್ದೆ. ನಮ್ ಕಾಲೇಜ್ ಗ್ರೂಪಿಗೆ ಬಿಟ್ಟೆ. ಅಲ್ಲಿಂದ ಹೊಳಲ್ಕೆರೆ, ದುರ್ಗ... ಈಗ ಯಾರ್ಯಾರತ್ರ ಐತೋ. ನಿಮ್ಮಜ್ಜಿ ಅಂತ ಗೊತ್ತಿದ್ರೆ ನಾನ್ಯಾಕೆ ಹಾಕ್ತಿದ್ದೆ?"

"ಯಾರಾದ್ರೂ ಅಜ್ಜಿ ಅಂತಾದ್ರೂ ಗೊತ್ತಾಗ್ಲಿಲ್ವಾ?"

"ನಿಮಗೆ?" ಅಂದ ಪ್ರಭು. ಕುಹಕದಿಂದಲ್ಲ, ನಿಜವಾಗಿಯೂ ತಿಳಿಯದೆ ಕೇಳಿದ.

ಮೇಘಶ್ರೀ ನೀಲಿ ದೀಪದ ಕಡೆ ನೋಡುತ್ತ ಕೂತಳು. ಕಥೆಯ ಮಹಾನಗರಕ್ಕೂ ಈ ಗೂಡಿಗೂ ಹೋಲಿಕೆಯೇ ಇಲ್ಲ ಎಂದು ನಗಬಹುದಾಗಿತ್ತು. ಆದರೆ ಹೋಲಿಕೆ ಇತ್ತು. ಆ ಕಥೆಗಳಲ್ಲೂ ಹ್ಯಾಕರ್ ಕದ್ದು ಓಡುವಾಗ, ಕೆಳಗಿನ ಓಣಿಯಲ್ಲಿ ಯಾರೋ ಹೆಸರಿಲ್ಲದ ಬಡವಿಯ ನೆನಪುಗಳು ಬಿಕರಿಗೆ ಬಿದ್ದಿರುತ್ತಿದ್ದವು. ಅವಳು ಯಾರ ಅಜ್ಜಿಯೆಂದು ಯಾರೂ ಕೇಳುತ್ತಿರಲಿಲ್ಲ. ಬೇಗ ಗೋಪುರ ಹತ್ತಬೇಕೆಂಬ ಆತುರದಲ್ಲಿ ಮೇಘಶ್ರೀ ಆ ಪುಟಗಳನ್ನು ಹಾರಿಸಿ ಓದುತ್ತಿದ್ದಳು.

"ಗುರುತೆಲ್ಲ ಅಳಿಸಿದೀನಿ," ಪ್ರಭು ದನಿ ತಗ್ಗಿಸಿದ. ಅವನಿಗೂ ಹೆದರಿಕೆಯಾಗಿತ್ತು. "ನೀವು ಅಂತ ಯಾರಿಗೂ ಗೊತ್ತಾಗಲ್ಲ, ನಾನು ಅಂತಾನೂ ಗೊತ್ತಾಗಲ್ಲ. ಯಾವನೋ ಫಾರಿನ್ನೋನು ಕದ್ದ ಅನ್ರಿ. ಅಜ್ಜಿ ನಂಬ್ತಾರೆ."

ನಂಬುತ್ತಾಳೆ. ಅದೇ ಸಂಕಟ. ಮೇಘಶ್ರೀ ಏನು ಹೇಳಿದರೂ ಅಜ್ಜಿ ನಂಬುತ್ತಾಳೆ. ನಂಬಿ, ಫಾರಿನ್ನಿನವನ ಕಿವಿಗೂ ಬೀಳುವಷ್ಟು ಗಟ್ಟಿಯಾಗಿ ನಿದ್ದೆಯಲ್ಲಿ ಕೂಗಿಕೊಂಡೆನಲ್ಲ ಎಂದು ತನ್ನನ್ನೇ ಹಳಿದುಕೊಳ್ಳುತ್ತಾಳೆ.

ಹಟ್ಟಿಗೆ ಮರಳಿದರೆ ಅಜ್ಜಿ ಬುತ್ತಿ ಕಟ್ಟುವ ಸಿದ್ಧತೆಯಲ್ಲಿದ್ದಳು. ಮಂದೆ ಹೊಳಲ್ಕೆರೆ ಕಡೆಯ ತಾಳ್ಯದ ಹೊಲವೊಂದರಲ್ಲಿದೆ ಎಂದು ಶಿವು ಹೇಳಿದ್ದನಂತೆ. "ಕಣ್ಣಾರೆ ನೋಡೋವರ್ಗೂ ನಂಗೆ ಅನ್ನ ಇಳಿಯಲ್ಲ. ನಾಳೆ ಹೋಗಾಣ. ಕಳ್ಳ ಸಿಕ್ಕಿದ್ನಾ?"

"ಸಿಕ್ಕಿದ."

"ಅಲ್ಲಿಗೆ ಬರ್ತಾನಾ?"

"ಬರ್ತಾನಜ್ಜಿ."

ಬೆಳಗ್ಗೆ ಅಜ್ಜಿ ಸೆರಗನ್ನು ಹಣೆಯ ಕೆಳಗೆ ಎಳೆದುಕೊಂಡು ಹೊಸಿಲು ದಾಟಿದಳು. ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ಮಾಡಿ ತುಟಿ ಬಿಗಿದು ಕೂತಳು. ದನಿ ಕೇಳಿದರೆ ಯಾರಾದರೂ ಗುರುತು ಹಿಡಿದಾರೆಂದು ಮಾತೇ ಆಡಲಿಲ್ಲ. ಚಿತ್ರದುರ್ಗದ ಬಸ್ ಸ್ಟ್ಯಾಂಡಿನಲ್ಲಿ ಬಸ್ಸು ಬದಲಿಸುವಾಗ ಮಾತ್ರ ಮೊಮ್ಮಗಳ ಕಿವಿಯಲ್ಲಿ ಪಿಸುಗುಟ್ಟಿದಳು.

"ಅವ್ನೂ ಬಸ್ ಹತ್ತಿದ್ನೇನೇ?"

"ಹತ್ತವ್ನೆ."

"ಪಾಪ, ಹೆದರಿರ್ತಾನೆ. ಬುತ್ತಿ ಮೂರಾಳಿಗೆ ಆಗೋ ಹಂಗೆ ಕಟ್ಟಿದೀನಿ. ನಿಮ್ ತಾತಂಗೆ, ನಿಂಗೆ, ಅವ್ನಿಗೆ. ನಂಗೇನು, ಸೇರಲ್ಲ."

ಮೇಘಶ್ರೀ ಬುತ್ತಿಯ ಗಂಟನ್ನು ತೊಡೆಯ ಮೇಲಿಟ್ಟುಕೊಂಡಿದ್ದಳು. ರೊಟ್ಟಿಯ ಬಿಸಿ ಬಟ್ಟೆಯಿಂದ ಹಾದು ಬರುತ್ತಿತ್ತು. ಆ ಬಿಸಿಗೆ ಅವಳು ಅತ್ತಳು. ಗಾಳಿಗೆ ಕಣ್ಣಲ್ಲಿ ದೂಳು ಬಿತ್ತೇನೋ ಎಂದು ಅಜ್ಜಿ ಸೆರಗಿನ ತುದಿಗೆ ಊದಿ ಒರೆಸಿದಳು.

ತಾಳ್ಯದಲ್ಲಿ ಇಳಿದು ಹೊಲದ ಬದುವಿನ ಮೇಲೆ ನಡೆದರೆ, ಬೇವಿನ ಮರದ ನೆರಳಲ್ಲಿ ತಾತ ಕೂತಿದ್ದ. ಸುತ್ತಲೂ ಕುರಿಗಳು ತಲೆ ತಗ್ಗಿಸಿ ಒಂದರ ನೆರಳಿಗೊಂದು ನಿಂತಿದ್ದವು. ಹೆಂಡತಿಯನ್ನು ಕಂಡು ಎದ್ದವನು ಹತ್ತಿರ ಬರದೆ ಅಲ್ಲೇ ನಿಂತ. ಅಜ್ಜಿ ಅವನನ್ನು ಕಾಲಿನಿಂದ ತಲೆಯವರೆಗೆ ನೋಡಿದಳು. ಉಸಿರು ಬಿಟ್ಟಳು.

"ಚೆನ್ನಾಗಿದೀರಲ್ಲ. ಮತ್ತೆ ಫೋನ್ಯಾಕೆ ಮುಚ್ಚಿಟ್ಟಿದ್ರಿ?"

"ನಾಚ್ಕೆ ಆಯ್ತು ಕಣೇ," ಅಂದ ತಾತ, ಕೋಲಿನ ತುದಿಯಿಂದ ಮಣ್ಣು ಕೆದಕುತ್ತ. "ಇಲ್ಲಿ ಟೀ ಹೋಟ್ಲಾಗೆ ಹುಡುಗ್ರು ಅದನ್ನ ಹಾಕಿದ್ರು. ನಿನ್ ದನಿ ಅಂತ ನಂಗೆ ಮೊದ್ಲ ಮಾತಿಗೇ ಗೊತ್ತಾತು. 'ಏನಜ್ಜ, ನಿಮ್ ಕಡೆ ಮುದುಕಿ ಇದ್ದಂಗೈತೆ, ಗೊತ್ತಾ?' ಅಂದ್ರು. ಯಾರೋ ಏನೋ, ಗೊತ್ತಿಲ್ಲ ಅಂದ್ಬಿಟ್ಟೆ. ಗೊತ್ತಿಲ್ಲ ಅಂದ ಮೇಲೆ ಯಾವ ಬಾಯಾಗೆ ನಿನ್ನತ್ರ ಮಾತಾಡ್ಲಿ?"

"ನಿಮ್ದೇನು ತಪ್ಪು? ತಪ್ಪು ನಂದು. ನಿದ್ದೇಲಿ ನಿಮ್ ಹೆಸ್ರು ಅಂದ್ಬಿಟ್ಟೆ ಅಂತ ಕಾಣ್ತೈತೆ. ಅದೇ ಬೀಗದ ಮಾತು. ಯಾವನೋ ಕೇಳಿಸ್ಕಂಡ." ಅಜ್ಜಿ ಮೊಮ್ಮಗಳ ಕಡೆ ತಿರುಗಿದಳು. "ಎಲ್ಲವ್ವ, ಬಂದ್ನಾ?"

ಬದುವಿನ ಮೇಲೆ ಹಿಂದೆ ಯಾರೂ ಇರಲಿಲ್ಲ. ಅಜ್ಜಿ ಕಣ್ಣಿಗೆ ಕೈ ಅಡ್ಡ ಹಿಡಿದು ರಸ್ತೆಯವರೆಗೂ ನೋಡುತ್ತಿದ್ದಳು.

"ಅಲ್ಲಿ ನೋಡ್ಬೇಡಜ್ಜಿ. ಇಲ್ಲಿದೀನಿ."

ಅಜ್ಜಿಯ ಕೈ ಹಣೆಯಲ್ಲೇ ಉಳಿಯಿತು.

"ನಾನೇ ಕದ್ದಿದ್ದು. ಯಾರೋ ನಾಲ್ಕು ಜನ ಭೇಷ್ ಅನ್ಲಿ ಅಂತ. ಆಮೇಲೆ ಅದು ನನ್ ಕೈ ಮೀರಿ ಹೋಯ್ತು. ಬಸ್ಸಲ್ಲಿ ನಕ್ಕೋರ ಜೊತೆ ನಾನೂ ನಕ್ಕೆ."

ಅಜ್ಜಿ ಬಯ್ಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಗುರುತಿಲ್ಲದವರ ಹತ್ತಿರ ದಾರಿ ಕೇಳುವ ಹಾಗೆ ಕೇಳಿದಳು.

"ಆ ಮಾತು ನಿಂಗೆ ಹೆಂಗೆ ಸಿಕ್ತು?"

"ಅದು ಊರಿಗೆಲ್ಲ ಗೊತ್ತಿರೋ ಹೆಸ್ರಜ್ಜಿ. ನೀನೊಬ್ಳು ಮಾತ್ರ ಅದನ್ನ ಯಾವತ್ತೂ ಅಂದಿಲ್ಲ. ಅದನ್ನ ನೀನೆಷ್ಟು ಕಾಪಾಡ್ಕಂಡಿದೀಯ ಅಂತ ನಂಗೆ ಗೊತ್ತಿತ್ತಲ್ಲ, ಅದ್ರಿಂದ್ಲೇ ಸಿಕ್ತು."

ಅಜ್ಜಿ ತಲೆಯ ಮೇಲಿನ ಸೆರಗನ್ನು ನಿಧಾನವಾಗಿ ಹಿಂದಕ್ಕೆ ಸರಿಸಿದಳು. ಮೊಮ್ಮಗಳ ಮುಖ ನೋಡಲಿಲ್ಲ.

"ನಂಗಲ್ಲ," ಅಂದಳು. "ಅವ್ರಿಗೆ ಹೇಳು. ಕರ್ಕಂಡು ಬಂದು ಹೇಳಿಸ್ತೀನಿ ಅಂದಿದ್ಯಲ್ಲ."

ಮೇಘಶ್ರೀ ತಾತನ ಎದುರು ಹೋಗಿ ನಿಂತಳು. ಈ ಸಲ ತಲೆ ತಗ್ಗಿಸಲಿಲ್ಲ.

"ತಾತ," ಅಂದಳು, "ಅಜ್ಜಿ ನಿನ್ ಹೆಸ್ರನ್ನ ಎಚ್ಚರದಾಗೂ ಅಂದಿಲ್ಲ, ನಿದ್ದೇಲೂ ಅಂದಿಲ್ಲ. ಕದ್ದೋಳು ನಾನು."